ದೊಡ್ಡದು ಮಾಡು

ನಮ್ಮ ಊರಿನಲ್ಲಿ ಕಿಟಕಿಗಳನ್ನು ಬಡಗಿ ಮಾಡುವುದಿಲ್ಲ, ಬರೆಯುತ್ತಾರೆ. ಗೋಡೆ ಎದ್ದು ಸುಣ್ಣ ಒಣಗಿದ ಮೇಲೆ ಮನೆಯವರು ಕಿಟಕಿ ಕಚೇರಿಗೆ ಬಂದು, ಎಲೆ ಅಡಿಕೆ ಇಟ್ಟು, ತಮಗೆ ಎಂಥದು ಬೇಕೆಂದು ಹೇಳಿ ಹೋಗುತ್ತಾರೆ. ಒಳ್ಳೆಯ ದಿನ ನೋಡಿ ನಾವು ಕೀಲಿಮಣೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೋಗುತ್ತೇವೆ. ಗೋಡೆಯ ಮುಂದೆ ಚಾಪೆ ಹಾಸಿ ಕೂತು ಪ್ರೋಗ್ರಾಂ ಬರೆಯುತ್ತೇವೆ. ಅಂಚು ಎರಡು ಬೆರಳು, ಬಣ್ಣ ಹಾಲುಬಿಳಿ, ಮೂಲೆ ದುಂಡು, ಎಳೆದರೆ ಹಿಗ್ಗಬಾರದು, ಹೀಗೆ ಸಾಲಿಗೊಂದು ಮಾತು. ಬರೆದದ್ದು ಕಾಣಲು ಕೀಲಿಮಣೆಯ ನೆತ್ತಿಯಲ್ಲಿ ಬೆರಳಗಲದ ಗಾಜಿನ ಪಟ್ಟಿ ಇದೆ, ಅಷ್ಟೇ. ಬೇರೆ ಪರದೆ ಇಲ್ಲ. ಗೋಡೆಯೇ ಪರದೆ. ಕೊನೆಯ ಸಾಲಿಗೆ ಚುಕ್ಕಿ ಇಟ್ಟ ಕೂಡಲೇ ಗೋಡೆಯಲ್ಲಿ ಕಿಟಕಿ ಮೂಡುತ್ತದೆ. ಅದರ ಪಕ್ಕದಲ್ಲೇ ಅಂಗೈಯಷ್ಟು ದೊಡ್ಡ ಮರಿಕಿಟಕಿಯೊಂದು ಇಣುಕಿ, "ಹೀಗೇ ಇರಲೇ?" ಎಂದು ಕೇಳುತ್ತದೆ. ಕೆಳಗೆ ಹೌದು, ಬೇಡ ಎಂದು ಎರಡು ಗುಂಡಿಗಳು. ಮನೆಯ ಯಜಮಾನಿ ಹೌದು ಮುಟ್ಟಿದರೆ ಉಳಿಯಿತು. ಬೇಡ ಮುಟ್ಟಿದರೆ, ಅಥವಾ ದೀಪ ಹಚ್ಚುವ ಹೊತ್ತಿನವರೆಗೂ ಸುಮ್ಮನಿದ್ದರೆ, ಗೋಡೆ ಮೊದಲಿದ್ದಂತೆ ಆಗುತ್ತದೆ. ಹೌದು ಮುಟ್ಟಿದ ಮೇಲೆ ನಮಗೆ ಕಾಫಿ ಬರುತ್ತದೆ. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮೊದಲ ತಕರಾರೂ ಬರುತ್ತದೆ. "ಒಂದು ಚೂರು ಎಡಕ್ಕೆ ಇದ್ದಿದ್ರೆ ಚೆನ್ನಾಗಿರ್ತಿತ್ತು, ಅಲ್ವಾ?"

ಜನ ಇದಕ್ಕೆಲ್ಲ ಒಗ್ಗಿ ಹೋಗಿದ್ದಾರೆ. ಹೆಣ್ಣು ನೋಡಲು ಬರುವ ದಿನ ಕಿಟಕಿಯನ್ನು ಅರ್ಧ ಮಸುಕು ಮಾಡಿಸಿ, ಗಂಡಿನ ಕಡೆಯವರು ಒಪ್ಪಿದ ಮೇಲೆ ತಿಳಿಯಾಗಿಸುವವರಿದ್ದಾರೆ. ಶಾಲೆಗೆ ಹೋಗುವ ಮಕ್ಕಳು ದಾರಿಯುದ್ದಕ್ಕೂ ಕಿಟಕಿಗಳ ಮೂಲೆ ಹಿಡಿದು ಎಳೆದು ಸೊಟ್ಟ ಮಾಡುತ್ತಿದ್ದರಿಂದ ಎಳೆಯಬಾರದು ಎಂಬ ಸಾಲನ್ನು ಈಗ ಕೇಳದೆಯೇ ಸೇರಿಸುತ್ತೇವೆ. ಒಬ್ಬ ವಕೀಲರು ತಮ್ಮ ಕಿಟಕಿಗೆ ಸದಾ ಮೇಲಿರಬೇಕು ಎಂದು ಬರೆಸಿಕೊಂಡರು. ಅದು ಅಕ್ಕಪಕ್ಕದವರ ಕಿಟಕಿಗಳ ಮುಂದೆಲ್ಲ ಬಂದು ನಿಲ್ಲತೊಡಗಿತು. ಪಕ್ಕದ ಮನೆಯವರು ಬೆಳಕು ನೋಡೋಣವೆಂದು ಕಿಟಕಿ ತೆರೆದರೆ ವಕೀಲರು ಮುದ್ದೆ ನುಂಗುವುದು ಕಾಣುತ್ತಿತ್ತು. ಬೀದಿಯವರೆಲ್ಲ ಸೇರಿ ಹೋಗಿ ಗಲಾಟೆ ಮಾಡಿದ ಮೇಲೆ ಅಳಿಸಿಕೊಂಡರು. ಏನೂ ಬರೆಸದಿದ್ದವರಿಗೆ ಬೂದಿಬಣ್ಣದ ಹುಟ್ಟುಕಿಟಕಿ ಬರುತ್ತದೆ. ಅಂಥ ಕಿಟಕಿ ಇರುವುದು ಕೈ ಬರಿದಾದವರ ಮನೆಯಲ್ಲಿ, ಸೋಮಾರಿಗಳ ಮನೆಯಲ್ಲಿ ಮತ್ತು ನಮ್ಮ ಕಿಟಕಿ ಮೇಸ್ತ್ರಿ ಬೋರಲಿಂಗಯ್ಯನವರ ಮನೆಯಲ್ಲಿ.

ನಾನು ಬೋರಲಿಂಗಯ್ಯನವರ ಕೈಕೆಳಗೆ ಕೆಲಸ ಕಲಿತವಳು. ಕಲಿಯಲು ಸೇರಿದ ಹೊಸದರಲ್ಲಿ ಅವರು, "ಮಂದಾರ, ನೀನು ಬರೀತಿರೋದು ಕಿಟಕೀನ. ಅದರಾಚೆ ಏನಿದೆ ಅಂತ ನೋಡ್ತಾ ಕೂತ್ರೆ ಸಾಲು ತಪ್ಪತ್ತೆ" ಎಂದು ಗದರುತ್ತಿದ್ದರು. ಸಾಲು ತಪ್ಪುತ್ತಲೂ ಇತ್ತು. ನನ್ನನ್ನು ಬೆಳೆಸಿದ್ದು ಅಜ್ಜಿ. ಅಜ್ಜಿಯ ಕಥೆಗಳಲ್ಲಿ ಕಿಟಕಿ ಎಂದರೆ ಅದರಾಚೆ ಒಬ್ಬ ರಾಜಕುಮಾರಿಯೋ ಮಾತಾಡುವ ಗಿಳಿಯೋ ಇರಲೇಬೇಕು. ಈ ಊರಿನ ಕಿಟಕಿಗಳಾಚೆ ಸಾಮಾನ್ಯವಾಗಿ ಒಣಹಾಕಿದ ಲುಂಗಿ ಇರುತ್ತದೆ ಎಂದು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಾಲ ಹಿಡಿಯಿತು.

ದೊಡ್ಡಮನೆಯ ವಿಷಯ ಬಂದಾಗ ಮೇಸ್ತ್ರಿ ಊರಲ್ಲಿರಲಿಲ್ಲ. ಮಗಳ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಹೋಗಿದ್ದರು.

ದೊಡ್ಡಮನೆ ಎಂದರೆ ಒಂದು ಕಾಲಕ್ಕೆ ಒಂದೇ ಮನೆ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗ ನಡುಮನೆಯನ್ನು ಕೆಡವಿ ಹಿತ್ತಲು ಮಾಡಿದರು. ಆಚೆಗೊಂದು, ಈಚೆಗೊಂದು ಮನೆಯಾಯಿತು. ಹಿತ್ತಲು ಅಣ್ಣನ ಪಾಲಿಗೆ ಬಂತು, ದೊಡ್ಡಮನೆ ಎಂಬ ಹೆಸರೂ ಅಣ್ಣನ ಪಾಲಿಗೆ ಬಂತು. ಜಗಳ ಮುಗಿಸಿ ಅಣ್ಣತಮ್ಮಂದಿರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಉಳಿದವರು ವಾರಗಿತ್ತಿಯರು, ಹಿರಿಯವರು ಚೆಲುವಮ್ಮ, ಕಿರಿಯವರು ಅಂಬುಜಕ್ಕ. ಅಂಬುಜಕ್ಕ ಮದುವೆಯಾಗಿ ಬಂದಾಗ ಓದು ಬರಹ ಬರುತ್ತಿರಲಿಲ್ಲವಂತೆ. ಚೆಲುವಮ್ಮನೇ ಮೊರದಲ್ಲಿ ಅಕ್ಕಿ ಹರಡಿ, ಬೆರಳು ಹಿಡಿದು ಅ ಆ ತಿದ್ದಿಸಿದ್ದರಂತೆ. ಗಂಡಂದಿರು ಪಾಲಾದ ಮೇಲೂ ಇವರಿಬ್ಬರ ನಡುವೆ ಪಾಲು ಆಗಿರಲಿಲ್ಲ. ಬೆಳಗಾದರೆ ಚೆಲುವಮ್ಮ ಹಿತ್ತಲು ದಾಟಿ ಹೋಗಿ ಅಂಬುಜಕ್ಕನ ಕಿಟಕಿಯಲ್ಲಿ ಮೊಸರಿನ ಹೆಪ್ಪು ಇಟ್ಟು ಬರುತ್ತಿದ್ದರು. ಒಗ್ಗರಣೆಯ ವಾಸನೆ ಬಂದರೆ ಇಲ್ಲಿಂದಲೇ, "ಏನೇ ಅದು, ಸೀದು ಹೋಯ್ತು" ಎನ್ನುತ್ತಿದ್ದರು.

ಆ ಎರಡು ಕಿಟಕಿಗಳು ಒಂದಕ್ಕೊಂದು ಎದುರು ಬದುರು. ಬರೆದವರು ನಮ್ಮ ಮೇಸ್ತ್ರಿಯ ಗುರುಗಳು. ಮನೆ ಒಡೆದರೂ ಬಂಧ ಒಡೆಯದಿರಲಿ ಎಂದೋ ಏನೋ, ಎರಡನ್ನೂ ಜೋಡಿ ಕಟ್ಟಿ ಬರೆದಿದ್ದರು. ಬಣ್ಣ, ಅಂಚು, ಹೆಸರು ಅವರವರ ಇಷ್ಟ. ಆದರೆ ಒಂದು ಹಿಗ್ಗಿದರೆ ಇನ್ನೊಂದೂ ಹಿಗ್ಗಬೇಕು, ಒಂದು ಮುಚ್ಚಿದರೆ ಇನ್ನೊಂದೂ ಮುಚ್ಚಬೇಕು. ಆ ಜೋಡಿ ಬಿಚ್ಚುವ ಸಾಲು ಯಾವುದೆಂದು ಗುರುಗಳು ಯಾರಿಗೂ ಹೇಳದೆ ಹೋದರು. ಇಂಥದರಲ್ಲಿ ಕೈಯಿಡುವುದು ಯಾರಿಗೆ ಬೇಕು ಎಂದು ಮೇಸ್ತ್ರಿ ಆ ಗೋಡೆಗಳ ತಂಟೆಗೇ ಹೋಗುತ್ತಿರಲಿಲ್ಲ.

ಜಗಳ ಬಂದದ್ದು ತಲೆಪಟ್ಟಿಯಿಂದ. ಪ್ರತಿ ಕಿಟಕಿಗೂ ಹೊರಗಡೆ, ತಲೆಯ ಮೇಲೆ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಮನೆಯ ಹೆಸರು. ಒಳಗಿನವರಿಗೆ ತಮ್ಮ ಪಟ್ಟಿ ಕಾಣುವುದಿಲ್ಲ, ಹೊರಗಿನವರಿಗಷ್ಟೇ. ಅಂಬುಜಕ್ಕನ ಪಟ್ಟಿ ಮೊದಲಿನಿಂದ ಖಾಲಿ ಇತ್ತು. ರವಿಕೆ ಹೊಲಿದು ಕೂಡಿಟ್ಟದ್ದರಲ್ಲಿ ಒಂದು ಹಳೆಯ ಕೀಲಿಮಣೆ ಕೊಂಡು, ಯಾರನ್ನೂ ಕೇಳದೆ, ತಾವೇ ಸಾಲು ಬರೆಯಲು ಕಲಿತರು. ಅವರು ಬರೆದ ಮೊದಲ ಸಾಲೇ ಈ ತಲೆಪಟ್ಟಿ. ಮಾರನೆಯ ಬೆಳಿಗ್ಗೆ ಚೆಲುವಮ್ಮ ಹೆಪ್ಪಿನ ಲೋಟ ಹಿಡಿದು ಹಿತ್ತಲಿಗೆ ಇಳಿದವರು ತಲೆಯೆತ್ತಿ ನೋಡಿದರು. "ದೊಡ್ಡಮನೆ" ಎಂದು ಬರೆದಿತ್ತು. ಮುಂದೆ ಚಂದಕ್ಕೆ ಇಟ್ಟಂತೆ ಮೂರು ಚುಕ್ಕಿಗಳು. ಚೆಲುವಮ್ಮ ಲೋಟದ ಹೆಪ್ಪನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿದು ಒಳಗೆ ಹೋದರು. ಅಂದಿನಿಂದ ಮಾತಿಲ್ಲ. ಅದಾಗಿ ಎರಡು ಮಾವಿನ ಕಾಲ ಕಳೆದಿತ್ತು.

ಚೆಲುವಮ್ಮ ಕಚೇರಿಗೆ ಬಂದದ್ದು ಒಂದು ಮಧ್ಯಾಹ್ನ, ನಾನು ಚಿತ್ರಾನ್ನದ ಡಬ್ಬಿ ತೆರೆದುಕೊಂಡು ಕೂತಿದ್ದಾಗ.

"ಮೇಸ್ತ್ರಿ ಇಲ್ವಾ?"

"ಊರಿಗೆ ಹೋಗಿದಾರಮ್ಮ. ತೊಟ್ಟಿಲ ಶಾಸ್ತ್ರ."

"ಹಾಗಾದ್ರೆ ನೀನೇ ಬಾ. ನಮ್ಮ ಹಿತ್ತಲ ಕಡೆ ಕಿಟಕಿ ಇದೆಯಲ್ಲ, ಅದು ನನಗೆ ಸಾಕಾಯ್ತು."

"ಬಣ್ಣ ಬದಲಾಯಿಸ್ಲಾ?"

"ಬಣ್ಣ ಅಲ್ಲ ಕಣೆ. ಕಿಟಕೀನೇ ಸಾಕಾಯ್ತು. ಬೆಳಗಾಗೆದ್ದು ಅವಳ ಹಣೆಬರಹ ಓದ್ಕೊಂಡು ಕಾಫಿ ಕುಡೀಬೇಕಾ ನಾನು? ಅಕ್ಷರ ತಿದ್ದಿಸಿದವಳು ನಾನು. ಅದೇ ಅಕ್ಷರದಲ್ಲಿ ನನ್ನ ಮನೆ ಹೆಸರು ಕದ್ದು ತನ್ನ ನೆತ್ತಿ ಮೇಲೆ ಬರ್ಕೊಂಡಿದಾಳೆ. ಮೇಲೆ ಮೂರು ಚುಕ್ಕಿ ಬೇರೆ ಇಟ್ಟಿದಾಳೆ, ರಂಗೋಲಿ ಹಾಕೋ ಹಾಗೆ!"

ಕಿಟಕಿ ಮುಚ್ಚಿಸುವುದು ನಮ್ಮ ಊರಿನಲ್ಲಿ ನಡೆಯದ ಕೆಲಸ. ನಾನು ಒಂದನ್ನೂ ಬರೆದವಳಲ್ಲ, ಮೇಸ್ತ್ರಿ ಬರೆಯುವುದನ್ನು ನೋಡಿಯೂ ಇರಲಿಲ್ಲ. ಮುಚ್ಚಿದ ಗೋಡೆ ಕಿಟಕಿಯನ್ನು ಮರೆತುಬಿಡುತ್ತದೆ. ಆಮೇಲೆ ಅಲ್ಲಿ ಯಾರು ಎಷ್ಟು ಬರೆದರೂ ಮೂಡುವುದಿಲ್ಲ. ಆಗ ಮರಿಕಿಟಕಿ ಕೂಡ ಬರುವುದಿಲ್ಲ, ಹೀಗೇ ಇರಲೇ ಎಂದು ಕೇಳುವುದಕ್ಕೆ ಅಲ್ಲಿ ಏನೂ ಉಳಿದಿರುವುದಿಲ್ಲವಲ್ಲ. ಎಣ್ಣೆಗಾಣದ ಬೀದಿಯಲ್ಲಿ ಅಂಥ ಒಂದು ಗೋಡೆ ಇದೆ. ಮಕ್ಕಳು ಅದಕ್ಕೆ ಕಿವಿ ಇಟ್ಟು ಆಟ ಆಡುತ್ತಾರೆ. ಹೀಗಿರುವುದರಿಂದ ಒಂದು ಕಟ್ಟಳೆ ಇದೆ. ಮುಚ್ಚುವ ಸಾಲನ್ನು ನಾವು ನಮ್ಮಷ್ಟಕ್ಕೆ ಬರೆಯುವಂತಿಲ್ಲ. ಮನೆಯ ಯಜಮಾನಿ ಗೋಡೆಯೆದುರು ನಿಂತು ಬಾಯಿಬಿಟ್ಟು ಹೇಳಬೇಕು, ಹೇಳಿದ್ದನ್ನು ನಾವು ಅಕ್ಷರ ಬಿಡದೆ ಬರೆಯಬೇಕು.

"ಜೋಡಿ ಕಿಟಕಿ ಅಮ್ಮ ಅದು" ಎಂದೆ. "ನಿಮ್ಮದು ಹೋದ್ರೆ ಅಂಬುಜಕ್ಕಂದೂ ಹೋಗತ್ತೆ. ಅವರ ಮನೆಗೆ ಇರೋದೇ ಅದೊಂದು."

"ಗೊತ್ತು" ಎಂದರು ಚೆಲುವಮ್ಮ. ಸ್ವಲ್ಪ ಹೊತ್ತು ನನ್ನ ಚಿತ್ರಾನ್ನವನ್ನೇ ನೋಡಿದರು. "ನಿಂಬೆಹಣ್ಣು ಜಾಸ್ತಿ ಆಗಿದೆ. ನಾಡಿದ್ದು ಬಾ."

ಮಾತು ಅಂಬುಜಕ್ಕನ ಕಿವಿಗೆ ಬೀಳಲು ತಡವಾಗಲಿಲ್ಲ. ಅದೇ ಸಂಜೆ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದರು. ಅವರ ಮನೆಯ ಉಳಿದ ಮೂರು ಗೋಡೆಗಳೂ ಅಕ್ಕಪಕ್ಕದ ಮನೆಗಳಿಗೆ ಅಂಟಿಕೊಂಡಿವೆ. ಬಾಗಿಲು ಇರುವುದು ಒಂದು ಕತ್ತಲ ಓಣಿಯ ತುದಿಯಲ್ಲಿ, ಹಿಂದಿನ ಬೀದಿಗೆ. ಹಿತ್ತಲ ಕಿಟಕಿಯ ಬೆಳಕಿನಲ್ಲೇ ಹೊಲಿಗೆ ಮೆಷಿನ್ನು ಇಟ್ಟುಕೊಂಡು ಅವರು ಊರಿಗೆಲ್ಲ ರವಿಕೆ ಹೊಲಿಯುತ್ತಿದ್ದರು.

"ನಿಜಾನಾ ಮಂದಾರ?"

"ನಾಡಿದ್ದು ಬರೋಕೆ ಹೇಳಿದಾರೆ."

"ಕಿಟಕಿ ಹೋದ್ರೆ ನಾನು ಸೂಜಿ ಕಣ್ಣು ಹುಡುಕ್ತಾ ಕೂರಬೇಕು ಅಷ್ಟೆ. ಮೊನ್ನೆ ಮೋಡ ಆಗಿತ್ತಲ್ಲ, ಆವತ್ತೇ ಒಂದು ರವಿಕೆಗೆ ಎರಡೂ ಎಡತೋಳು ಇಟ್ಟುಬಿಟ್ಟೆ. ಆಕೆ ಹಾಕ್ಕೊಂಡು ಬಂದು, ಅಂಬುಜಾ, ನಾನೇನು ಹೀಗೆ ತಿರುಗಿಕೊಂಡೇ ಓಡಾಡ್ಲಾ ಅಂದ್ಲು."

"ಒಂದ್ಸಲ ಹೋಗಿ ಅವರ ಹತ್ರ ಮಾತಾಡಬಾರದಾ ಅಂಬುಜಕ್ಕ?"

"ನಾನ್ಯಾಕೆ ಮಾತಾಡ್ಲಿ?" ಅವರ ಮೂಗಿನ ತುದಿ ಕೆಂಪಾಯಿತು. "ನಾನು ಹೇಳಬೇಕಾಗಿದ್ದನ್ನ ಅವರ ಕಣ್ಣೆದುರಿಗೇ ಬರೆದಿದೀನಿ. ನಾನಾಗಿ ಬರೆದ ಮೊದಲನೇ ಮಾತು ಅದು. ಅದನ್ನ ಓದಿದ ಮೇಲೂ ಹೆಪ್ಪು ತಂದು ಗಿಡಕ್ಕೆ ಸುರಿದ್ರು. ಇನ್ನು ನನ್ನ ಬಾಯಿಮಾತು ಅವರಿಗೆ ರುಚಿಸತ್ತಾ?"

ಜಂಬ ಎಂದರೆ ಇದು ಎಂದುಕೊಂಡೆ. ಬರೆಯುವುದನ್ನು ಬರೆದು, ಈಗ ಓದಿದವರನ್ನೇ ಬಯ್ಯುತ್ತಾರಲ್ಲ ಎಂದು. ಆ ಪಟ್ಟಿಯನ್ನು ನಾನೂ ಚೆಲುವಮ್ಮನ ಹಿತ್ತಲಿನಿಂದ ನೋಡಿದ್ದೆ. ದೊಡ್ಡಮನೆ, ಮೂರು ಚುಕ್ಕಿ. ಚುಕ್ಕಿಗಳನ್ನು ನಾನೂ ಅಲಂಕಾರವೆಂದೇ ತಿಳಿದಿದ್ದೆ. ನಮ್ಮ ಮೇಸ್ತ್ರಿ ಬರೆಯುವ ಮುಂಚೆ ಅಕ್ಷರ ಎಣಿಸಿ, ಪಟ್ಟಿ ಅಳೆದು, ಹೆಸರು ಉದ್ದವಾದರೆ "ಏನ್ರೀ, ಇದು ಹೆಸರೋ ರೈಲೋ" ಎಂದು ಮೊಟಕು ಮಾಡಿಸುತ್ತಾರೆ. ಅವರ ಕೈಯಲ್ಲಿ ಹೆಸರು ಎಂದೂ ಪಟ್ಟಿಯನ್ನು ಮೀರಿದ್ದಿಲ್ಲ. ಮೀರಿದರೆ ಏನಾಗುತ್ತದೆ ಎಂದು ನೋಡುವ ಸಂದರ್ಭವೇ ನನಗೆ ಬಂದಿರಲಿಲ್ಲ.

ಮನೆಗೆ ಹೋಗಿ ಅಜ್ಜಿಗೆ ಹೇಳಿದೆ. "ಅಜ್ಜಿ, ನಾಡಿದ್ದು ನಾನು ಒಂದು ಕಿಟಕಿ ಮುಚ್ಚೋ ಸಾಲು ಬರೀಬೇಕು."

ಅಜ್ಜಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದವರು ಕೈ ಬಿಟ್ಟು ಕಿವಿ ಮುಚ್ಚಿಕೊಂಡರು. "ಬಿಡ್ತು ಅನ್ನು! ಬಿಡ್ತು ಅನ್ನೇ ಮೊದಲು!"

"ಬಿಡ್ತು."

"ಮನೆ ವಿಷಯ ಮಾತಾಡುವಾಗ ಅಂಥ ಮಾತು ಆಡ್ತಾರಾ? ನಾನು ನಿನಗೆ ಏನು ಹೇಳ್ಕೊಟ್ಟಿದೀನಿ? ಅಕ್ಕಿ ಮುಗಿದ್ರೆ ಏನಂತೀವಿ?"

"ತುಂಬಿದೆ ಅಂತೀವಿ."

"ಬಳೆ ಒಡೆದ್ರೆ?"

"ಹೆಚ್ಚಿತು ಅಂತೀವಿ."

"ಮಲಗುವಾಗ ದೀಪ?"

"ದೊಡ್ಡದು ಮಾಡು ಅಂತೀವಿ."

"ಹಾಂ." ಅಜ್ಜಿ ಮತ್ತೆ ಹುರುಳಿಕಾಯಿಗೆ ಕೈಹಾಕಿದರು, ಕಥೆಗೂ ಕೈಹಾಕಿದರು. ನಾನು ಚಿಕ್ಕವಳಿದ್ದಾಗಿನಿಂದ ಕೇಳಿದ ಕಥೆಯೇ. ಒಬ್ಬ ರಾಜ, ಅವನಿಗೆ ಸಿಡುಕು ಜಾಸ್ತಿ. ಒಂದು ದಿನ ಮಲಗುವ ಹೊತ್ತಿಗೆ ಎಲ್ಲ ದೀಪ ಆರಿಸಿ ಎಂದ. ದೀಪಗಳು ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡುಬಿಟ್ಟವು. ಬೆಳಗಾದ ಮೇಲೆ ಯಾರು ಎಷ್ಟು ಬತ್ತಿ ಹೊಸೆದರೂ ಹತ್ತಲಿಲ್ಲ. ಒಲೆ ಹತ್ತಲಿಲ್ಲ, ಊರೆಲ್ಲ ಹಸಿ ತರಕಾರಿ ತಿಂದಿತು. ಕೊನೆಗೆ ಅಡುಗೆಮನೆಯ ಒಬ್ಬ ಮುದುಕಿ ದೀಪದ ಹತ್ತಿರ ಹೋಗಿ, ನಿನ್ನನ್ನು ಯಾರು ಆರಿಸಿದ್ದು ಕಂದ, ರಾತ್ರಿ ಹೊತ್ತು ನಿನ್ನನ್ನು ದೊಡ್ಡದು ಮಾಡಿ ಆಕಾಶಕ್ಕೆ ಕಳಿಸಿದ್ದು, ನೀನು ನಕ್ಷತ್ರವಾಗಿ ಇದ್ದೆ, ಈಗ ಚಿಕ್ಕದಾಗಿ ಮನೆಗೆ ಬಾ ಎಂದಳು. ದೀಪಕ್ಕೆ ಸಮಾಧಾನವಾಯಿತು.

"ಮಾತಿಗೆ ಕಿವಿ ಇರತ್ತೆ ಕಣೆ" ಎಂದರು ಅಜ್ಜಿ. "ಯಾವುದು ಕೇಳಿಸ್ಕೊಳ್ಳತ್ತೋ ಹೇಳಕ್ಕಾಗಲ್ಲ."

ಹೇಳಿದ ದಿನ ಹೋದೆ. ಚೆಲುವಮ್ಮ ಆಗಲೇ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಚಾಪೆಯನ್ನೂ ಹಾಸಿಟ್ಟಿದ್ದರು. ಹಿತ್ತಲ ಗೋಡೆಯಲ್ಲಿ ಅದೇ ಹಳೆಯ ಕಿಟಕಿ. ಬಾಗಿಲಿನ ಕಾಲುಭಾಗದಷ್ಟೇ ಅಗಲ, ಕೆಮ್ಮಣ್ಣು ಬಣ್ಣದ ಅಂಚು. ಅದರ ಎಡಕ್ಕೆ ಕ್ಯಾಲೆಂಡರು, ಬಲಕ್ಕೆ ಮೊಳೆಗೆ ನೇತುಹಾಕಿದ ಮೊರ. ಕಿಟಕಿಯಾಚೆ ಹಿತ್ತಲು, ಕರಿಬೇವಿನ ಗಿಡ, ಅದರಾಚೆ ಅಂಬುಜಕ್ಕನ ಕಿಟಕಿ. ಅಂಬುಜಕ್ಕ ತಲೆಯೆತ್ತದೆ ಮೆಷಿನ್ನು ತುಳಿಯುತ್ತಿದ್ದರು. ಟಕಟಕ ಸದ್ದು ಇಲ್ಲಿಗೂ ಕೇಳುತ್ತಿತ್ತು. ಇದ್ದ ಬೆಳಕಿನಲ್ಲಿ ಎಷ್ಟು ತೋಳಾದರೆ ಅಷ್ಟು ಮುಗಿಸಿಬಿಡುವಂತೆ ಓಡಿಸುತ್ತಿದ್ದರು.

ನಾನು ಕೀಲಿಮಣೆ ಬಿಚ್ಚಿ ಕೂತೆ. ಮನೆಯ ಹೆಸರು ಬರೆದೆ. ಗೋಡೆಯ ದಿಕ್ಕು ಬರೆದೆ. ಕಿಟಕಿ ಎಂದು ಬರೆದು ನಿಲ್ಲಿಸಿದೆ.

"ಹೇಳಿ ಅಮ್ಮ."

"ಏನು ಹೇಳೋದು, ಬರ್ಕೊಂಡು ಹೋಗು."

"ನೀವು ಹೇಳದೆ ನಾನು ಬರೆಯೋ ಹಾಗಿಲ್ಲ. ಏನು ಮಾಡಬೇಕು ಅಂತ ನಿಮ್ಮ ಬಾಯಿಂದ ಬರಬೇಕು."

ಚೆಲುವಮ್ಮ ಬಾಯಿ ತೆರೆದರು. ದೇವರ ಗೂಡಿನ ಕಡೆ ನೋಡಿದರು, ಗೂಡಿನಲ್ಲಿ ಬೆಳಗಿನ ದೀಪ ಇನ್ನೂ ಉರಿಯುತ್ತಿತ್ತು. ಬಾಯಿ ಹಾಗೇ ಉಳಿಯಿತು.

"ಆ ಮಾತು ನನಗೆ ಬರಲ್ಲ ಕಣೆ" ಎಂದರು. "ಬಾಳಿದ ಮನೆ. ನಮ್ಮತ್ತೆ ಕಾಲದಿಂದ ಈ ಮನೆಯಲ್ಲಿ ಆ ಮಾತು ಆಡಿಲ್ಲ."

"ಹಾಗಾದ್ರೆ ಎದ್ದು ಹೋಗ್ಲಾ?"

ಎದುರಿನ ಟಕಟಕ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಚೆಲುವಮ್ಮನ ಕಣ್ಣು ಅಂಬುಜಕ್ಕನ ತಲೆಪಟ್ಟಿಗೆ ಹೋಯಿತು. ಅವರು ಗೋಡೆಯ ಕಡೆ ತಿರುಗಿ, ದೀಪಕ್ಕೆ ಹೇಳುವ ದನಿಯಲ್ಲಿ, ಮೆಲ್ಲಗೆ ಆದರೆ ಸ್ಪಷ್ಟವಾಗಿ ಹೇಳಿದರು.

"ದೊಡ್ಡದು ಮಾಡು."

ನಾನು ಬರೆದೆ. ಅಕ್ಷರ ಬಿಡಲಿಲ್ಲ. ಕಿಟಕಿಯನ್ನು ಅಗಲ ಮಾಡಬೇಕಾದಾಗ ನಮ್ಮ ಕಚೇರಿಯಲ್ಲಿ ಹಿಗ್ಗಿಸು ಎಂದೇ ಬರೆಯುವುದು. ಹಿಗ್ಗಿಸು, ಕುಗ್ಗಿಸು, ನಾನು ದಿನವೂ ಬರೆಯುವ ಮಾತುಗಳು ಅವು. ದೊಡ್ಡದು ಮಾಡು ಎನ್ನುವ ಮಾತಿಗೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಅರ್ಥ, ಅಜ್ಜಿಯ ಅರ್ಥ, ಆರಿಸು ಎಂದು. ಚುಕ್ಕಿ ಇಟ್ಟು, ಗೋಡೆ ಕಿಟಕಿಯನ್ನು ನುಂಗುವುದನ್ನು ನೋಡಲಾರದೆ ಕಣ್ಣು ಮುಚ್ಚಿಕೊಂಡೆ.

ಕಣ್ಣ ರೆಪ್ಪೆಯ ಮೇಲೆ ಬಿಸಿಲು ಬಿತ್ತು.

ತೆರೆದು ನೋಡಿದರೆ ಗೋಡೆ ಇರಲಿಲ್ಲ. ಕೆಮ್ಮಣ್ಣು ಬಣ್ಣದ ಅಂಚು ಒಂದು ಕಡೆ ಅಡುಗೆಮನೆಯ ಮೂಲೆಗೂ ಇನ್ನೊಂದು ಕಡೆ ಬಚ್ಚಲ ಬಾಗಿಲಿಗೂ, ಕೆಳಗೆ ನೆಲಕ್ಕೂ ಮೇಲೆ ಸೂರಿಗೂ ಹೋಗಿ ನಿಂತಿತ್ತು. ನಡುವೆಲ್ಲ ಕಿಟಕಿ. ಕ್ಯಾಲೆಂಡರು ಮತ್ತು ಮೊರ ಇದ್ದ ಎತ್ತರದಲ್ಲೇ, ಮೊಳೆ ಸಮೇತ, ಬೆಳಕಿಗೆ ಆತುಕೊಂಡು ತೂಗುತ್ತಿದ್ದವು. ಹಿತ್ತಲಾಚೆ ಅಂಬುಜಕ್ಕನ ಗೋಡೆಯೂ ಹೋಗಿತ್ತು. ಅವರ ಮನೆ ಇಡೀ ಕಾಣುತ್ತಿತ್ತು. ಹೊಲಿಗೆ ಮೆಷಿನ್ನು, ತುಂಡು ಬಟ್ಟೆಯ ಗಂಟುಗಳು, ಮಡಿಸಿಟ್ಟ ಹಾಸಿಗೆ, ಒಂದೇ ತಟ್ಟೆ ಒಂದೇ ಲೋಟ ಬೋರಲು ಹಾಕಿದ ಅಡುಗೆಕಟ್ಟೆ. ಪೆಡಲಿನ ಮೇಲೆ ಒಂದು ಕಾಲು ಹಾಗೇ ಇಟ್ಟುಕೊಂಡು ಅಂಬುಜಕ್ಕ ನಮ್ಮನ್ನು ನೋಡುತ್ತಿದ್ದರು.

"ಇದೇನೇ ಮಾಡಿದೆ!" ಎಂದರು ಚೆಲುವಮ್ಮ.

"ನೀವು ಹೇಳಿದ್ದೇ ಅಮ್ಮ."

"ನಾನು ಹೇಳಿದ್ದರ ಅರ್ಥ ಇದಾ?"

"ನನಗೂ ನಿಮ್ಮ ಹಾಗೇ ಅರ್ಥ ಆಗಿತ್ತು" ಎಂದೆ. "ಗೋಡೆಗೆ ಬೇರೆ ಥರ ಅರ್ಥ ಆಗಿದೆ."

ಅಷ್ಟರಲ್ಲಿ ಮರಿಕಿಟಕಿ ಬಂತು. ಎಲ್ಲಿ ಇಣುಕುವುದೆಂದು ತಿಳಿಯದೆ, ಗೋಡೆ ಸಿಗದೆ, ಮೊರದ ಪಕ್ಕದಲ್ಲೇ ಬಂದು ನಿಂತಿತು. ಹೀಗೇ ಇರಲೇ? ಹೌದು. ಬೇಡ.

"ಬೇಡ ಮುಟ್ಟಿ ಅಮ್ಮ, ಮೊದಲಿನ ಹಾಗೆ ಆಗತ್ತೆ. ಆಮೇಲೆ ಸರಿಯಾದ ಮಾತು ಹೇಳಿದ್ರೆ ಬರೀತೀನಿ" ಎಂದೆ. ಚೆಲುವಮ್ಮ ಕೈ ಚಾಚಿದರು. ಚಾಚಿದ ಕೈ ನಡುವೆಯೇ ನಿಂತಿತು. ಅವರು ನೋಡುತ್ತಿದ್ದದ್ದು ಮರಿಕಿಟಕಿಯನ್ನಲ್ಲ. ಅಂಬುಜಕ್ಕನ ತಲೆಪಟ್ಟಿಯನ್ನು.

ಕಿಟಕಿ ಅಗಲವಾದಾಗ ಪಟ್ಟಿಯೂ ಅಗಲವಾಗಿತ್ತು. ಮೂರು ಚುಕ್ಕಿಗಳು ಮಾಯವಾಗಿದ್ದವು. ಚುಕ್ಕಿಗಳ ಹಿಂದೆ ಇಷ್ಟು ದಿನ ಜಾಗ ಸಾಲದೆ ಮಡಿಸಿಕೊಂಡು ಕೂತಿದ್ದ ಅಕ್ಷರಗಳು ಈಗ ಹೊರಗೆ ಬಂದು ಸಾಲಾಗಿ ನಿಂತಿದ್ದವು. ಚೆಲುವಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಅಕ್ಕಿಯ ಮೇಲೆ ಬೆರಳು ಆಡಿಸುವವರಂತೆ ಒಂದೊಂದೇ ಪದವಾಗಿ ಓದಿದರು.

"ದೊಡ್ಡಮನೆ. ಅಕ್ಕನ. ಯದುರುಮನೆ."

ಕರಿಬೇವಿನ ಗಿಡದಲ್ಲಿ ಒಂದು ಗುಬ್ಬಿ ಕೂತು ಹಾರಿತು. ಅಂಬುಜಕ್ಕನಿಗೆ ತಮ್ಮ ಪಟ್ಟಿ ಒಳಗಿನಿಂದ ಕಾಣುವುದಿಲ್ಲ. ಆ ಮೂರು ಪದಗಳನ್ನು ಬರೆದ ದಿನದಿಂದ ಅವು ಪೂರ್ತಿಯಾಗಿ ಕಾಣುತ್ತಿವೆ ಎಂದೇ ಅವರು ತಿಳಿದಿದ್ದರು. ಈಗ ಚೆಲುವಮ್ಮ ಅದನ್ನು ಹೊಸದಾಗಿ ಓದುವವರಂತೆ ಓದಿದ್ದನ್ನು ಕೇಳಿ ಅವರ ಮುಖದಲ್ಲಿ ಏನೋ ಲೆಕ್ಕ ತಪ್ಪಿದಂತಾಯಿತು.

"ಇಷ್ಟು ದಿನ ಬರೀ ದೊಡ್ಡಮನೆ ಅಂತ ಇತ್ತು ಅಂಬುಜಕ್ಕ" ಎಂದು ನಾನು ಕೂಗಿ ಹೇಳಿದೆ. "ಮುಂದೆ ಮೂರು ಚುಕ್ಕಿ. ಪಟ್ಟಿ ಸಾಕಾಗಿಲ್ಲ."

ಅಂಬುಜಕ್ಕ ಪೆಡಲಿನಿಂದ ಕಾಲು ತೆಗೆದರು. ತಲೆ ತಗ್ಗಿಸಿ ಅರ್ಧ ಹೊಲಿದ ತೋಳಿನ ದಾರವನ್ನು ಹಲ್ಲಿನಿಂದ ಕಡಿದರು.

ಚೆಲುವಮ್ಮ ಅಳುತ್ತಾರೋ ಏನೋ ಎಂದು ನನಗೆ ಅನ್ನಿಸಿತು. ಅಜ್ಜಿಯ ಕಥೆಯಾಗಿದ್ದರೆ ಇಲ್ಲಿ ಅಳಬೇಕು. ಅವರು ಅಳಲಿಲ್ಲ. ಎರಡು ಮಾವಿನ ಕಾಲದ ಮೇಲೆ ಅಂಬುಜಕ್ಕನೊಂದಿಗೆ ಮೊದಲ ಮಾತು ಆಡಿದರು.

"ಎ ಬರೆಯೋ ಕಡೆ ಯ ಬರ್ದಿದೀಯಲ್ಲೇ!"

ಅಂಬುಜಕ್ಕ ತಲೆಯೆತ್ತಿದರು.

"ಯದುರುಮನೆ ಅಂತೆ, ಯದುರುಮನೆ! ಮೊರದ ತುಂಬ ಅಕ್ಕಿ ಹಾಕಿ ನಾನು ತಿದ್ದಿಸಿದ್ದು ಇದಕ್ಕೇನಾ? ಊರವರು ಓದಿದ್ರೆ ಏನಂತಾರೆ? ದೊಡ್ಡಮನೆ ಸೊಸೆಗೆ ಎ ಬರಲ್ಲ ಅಂತಾರೆ!"

"ಊರವರು ಎಲ್ಲಿ ಓದ್ತಾರಕ್ಕ" ಎಂದರು ಅಂಬುಜಕ್ಕ. "ನಿಮ್ಮ ಹಿತ್ತಲಿಗೆ ಬಂದವರು ಮಾತ್ರ ತಾನೇ ಓದಬೇಕು. ನಿಮಗೊಬ್ಬರಿಗೇ ಅಂತ ಬರೆದಿದ್ದು ಅದು."

"ನನಗೆ ಅಂದ್ಮೇಲೆ ತಪ್ಪಿಲ್ಲದೆ ಬರೀಬೇಕು. ತಪ್ಪು ಇಟ್ಕೊಂಡು ನಾನು ಹೌದು ಅನ್ನಕ್ಕಾಗತ್ತಾ? ತಗೊಳ್ಳೇ ನಿನ್ನ ಕೀಲಿಮಣೆ."

ಅಂಬುಜಕ್ಕ ಗಂಟುಗಳ ಹಿಂದಿನಿಂದ ಆ ಹಳೆಯ ಕೀಲಿಮಣೆಯನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡರು. ಒಂದು ಬೆರಳಿನಿಂದ ಹುಡುಕಿ ಹುಡುಕಿ ಒತ್ತಿದರು. ಪಟ್ಟಿಯಲ್ಲಿ ಯ ಅಳಿಯಿತು, ಅದರ ಜಾಗದಲ್ಲಿ ಏ ಬಂತು.

"ಅದು ಏ! ಅಷ್ಟು ಎಳೀಬೇಡ! ಎ ಕಣೇ, ಎ. ಎಮ್ಮೆ ಎ!"

"ಎಮ್ಮೆ ಯಾರಿಗಂತಿದೀರ?"

"ಇನ್ಯಾರಿಗೆ, ನಿನಗೇ. ಎರಡು ಎಡತೋಳು ಇಡೋಳಿಗೆ ಇನ್ನೇನನ್ನಬೇಕು?"

"ಅದು ನಿಮಗೆ ಯಾರು ಹೇಳಿದ್ರು?"

"ಆ ರವಿಕೆ ಹಾಕ್ಕೊಂಡು ಅವಳು ಇದೇ ಬೀದಿಯಲ್ಲಿ ಪಕ್ಕಕ್ಕೆ ತಿರುಗಿಕೊಂಡು ಹೋಗಿದಾಳಮ್ಮ, ಯಾರು ಹೇಳಬೇಕು?"

ಅಂಬುಜಕ್ಕ ನಕ್ಕುಬಿಟ್ಟರು. ಏ ಅಳಿದು ಎ ಬಂತು. ದೊಡ್ಡಮನೆ ಅಕ್ಕನ ಎದುರುಮನೆ. ಚೆಲುವಮ್ಮ ಇನ್ನೊಂದು ಸಲ ಕೊನೆಯವರೆಗೆ ಓದಿ, ತಪ್ಪಿಲ್ಲವೆಂದು ಖಾತ್ರಿ ಮಾಡಿಕೊಂಡು, ಸೆರಗಿಗೆ ಬೆರಳು ಒರೆಸಿ, ಮರಿಕಿಟಕಿಯಲ್ಲಿ ಹೌದು ಮುಟ್ಟಿದರು. ಅದು ಸಮಾಧಾನವಾದಂತೆ ಒಳಗೆ ಸರಿದುಹೋಯಿತು. ಆಮೇಲೆ ಅವರು ನನ್ನ ಕಡೆ ತಿರುಗಿ, "ನೀನ್ಯಾಕೆ ಬಾಯಿ ಬಿಟ್ಕೊಂಡು ಕೂತಿದೀಯ, ಎದ್ದು ಮೊರ ಕೆಳಗಿಳಿಸು, ಬೀಳತ್ತೆ" ಎಂದರು. ಆ ದಿನ ನನಗೆ ಕಾಫಿ ಎರಡು ಸಲ ಬಂತು, ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು.

ಮೇಸ್ತ್ರಿ ಊರಿಂದ ಬಂದವರು ಹಿತ್ತಲಿನಲ್ಲಿ ನಿಂತು ಎರಡೂ ಕಡೆ ನೋಡಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ಮಳೆ ಬಂದರೆ ಎರಚಲು ಹೊಡೆಯುತ್ತದೆ ಎಂದು ಎರಡಕ್ಕೂ ಒಂದೊಂದು ಮಳೆಯ ಸಾಲು ಸೇರಿಸಿ, ತಲೆ ಕೆರೆದುಕೊಂಡು, "ಈ ಮಾತು ಗೋಡೆಗೆ ಯಾರು ಕಲಿಸಿದ್ರೋ" ಎಂದು ಹೊರಟರು. ಅಜ್ಜಿಗೆ ಹೇಳಿದಾಗ ಅವರು ಮಾತ್ರ ಆಶ್ಚರ್ಯಪಡಲಿಲ್ಲ. ಒಳ್ಳೆಯ ಮಾತು ಕೇಳಿಸಿಕೊಂಡಿತು, ಒಳ್ಳೆಯದಾಯಿತು, ಅದರಲ್ಲೇನಿದೆ ಎಂದರು.

ಈಗ ಅಂಬುಜಕ್ಕನ ಹೊಲಿಗೆಯಲ್ಲಿ ಎಡತೋಳು ಎಡಕ್ಕೂ ಬಲತೋಳು ಬಲಕ್ಕೂ ಇರುತ್ತವೆ. ಬೆಳಿಗ್ಗೆ ಹೆಪ್ಪು ಹಿತ್ತಲು ದಾಟುತ್ತದೆ. ಮಾತು ನಿಂತಿಲ್ಲ, ಜಗಳವೂ ನಿಂತಿಲ್ಲ. ಗೋಡೆಯಷ್ಟು ದೊಡ್ಡ ಕಿಟಕಿಯಾದ್ದರಿಂದ ಒಂದು ಮನೆಯ ಬೆಳಕು ಇನ್ನೊಂದು ಮನೆಯ ಹಾಸಿಗೆಯವರೆಗೂ ಬೀಳುತ್ತದಂತೆ. ಮಲಗುವ ಹೊತ್ತಿಗೆ ಹಿತ್ತಲಿನ ಮೇಲಿಂದ ಕೂಗಾಟ ಶುರುವಾಗುತ್ತದೆ ಎಂದು ಬೀದಿಯವರು ದೂರುತ್ತಾರೆ.

"ಅಂಬುಜಾ, ಕಣ್ಣಿಗೆ ಹೊಡೀತಿದೆ, ದೀಪ ದೊಡ್ಡದು ಮಾಡೇ!"

"ನೀವು ಮೊದಲು ಮಾಡಿ ಅಕ್ಕ!"

"ನಾನು ಮಾಡಿದ್ರೆ ನಿನಗೆ ಕತ್ತಲಾಗತ್ತೆ ಕಣೇ!"

"ನಾನು ಮಾಡಿದ್ರೆ ನಿಮಗಾಗತ್ತೆ!"

ಹೀಗೆ ನೀನು ಮೊದಲು, ನೀವು ಮೊದಲು ಎನ್ನುತ್ತಾ ಇಬ್ಬರೂ ನಿದ್ದೆ ಹೋಗುತ್ತಾರಂತೆ. ಎರಡೂ ದೀಪ ಉರಿಯುತ್ತಲೇ ಇರುತ್ತವಂತೆ.